ಮಾಟಗಾತಿ ಬೇಟೆ: ನಂಬಿಕೆ ಎಲ್ಲ ಕಡೆ ಇತ್ತು, ಸುಟ್ಟದ್ದು ಕೆಲವೇ ಕಡೆ. ಯಾಕೆ?

ಮೂಡಲಗಾಳಿ

ಯುರೋಪಿನ ಮಾಟಗಾತಿ ಬೇಟೆಯ ಬಗ್ಗೆ ಕನ್ನಡದಲ್ಲಿ ಏನೇ ಓದಿದರೂ ಮೂರು ಮಾತು ಎದುರಾಗುತ್ತವೆ. ಇದು ಮಧ್ಯಯುಗದ ಕತ್ತಲೆಯಲ್ಲಿ ನಡೆದದ್ದು ಅನ್ನೋದು ಮೊದಲನೆಯದು. 90 ಲಕ್ಷ ಹೆಂಗಸರನ್ನು ಸುಟ್ಟರು ಅನ್ನೋದು ಎರಡನೆಯದು. ನಾಟಿ ಔಷಧಿ ಬಲ್ಲ ಸೂಲಗಿತ್ತಿಯರನ್ನು ಚರ್ಚು ಹುಡುಕಿ ಹುಡುಕಿ ಕೊಂದಿತು ಅನ್ನೋದು ಮೂರನೆಯದು. ಇದರಲ್ಲಿ ಎಷ್ಟು ನಿಜ? ಮೌಢ್ಯವೇ ಕಾರಣ ಅನ್ನೋದಾದರೆ, ಮೌಢ್ಯ ಸಾವಿರ ವರ್ಷದಿಂದ ಇತ್ತಲ್ಲ, ಬೆಂಕಿ ಹತ್ತಿದ್ದು 1560ರ ನಂತರವೇ ಯಾಕೆ? ದಾಖಲೆ ಬಲ್ಲವರು ವಿವರವಾಗಿ ಬರೆಯಬೇಕು.

ಹಳೇದಫ್ತರ

ಮೊದಲು ಸಂಖ್ಯೆ. 90 ಲಕ್ಷ ಅನ್ನೋದು ಯಾವ ನ್ಯಾಯಾಲಯದ ದಾಖಲೆಯಿಂದಲೂ ಬಂದದ್ದಲ್ಲ. 1784ರಲ್ಲಿ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಫಾಯ್ಕ್ಟ್ ಎಂಬ ಜರ್ಮನ್ ವಿದ್ವಾಂಸ ತನ್ನ ಊರಿನ ದಫ್ತರದಲ್ಲಿ ಸಿಕ್ಕ ಕೆಲವೇ ಪ್ರಕರಣಗಳನ್ನು ಶತಮಾನಗಳಿಗೂ ಇಡೀ ಯುರೋಪಿನ ಜನಸಂಖ್ಯೆಗೂ ಗುಣಿಸಿ 94,42,994 ಎಂಬ ಅಂಕಿ ತೆಗೆದ. ಆಮೇಲೆ ಬಂದವರು ಗುಣಾಕಾರವನ್ನು ಮರೆತು ಉತ್ತರವನ್ನಷ್ಟೇ ಇಟ್ಟುಕೊಂಡರು. ಉಳಿದಿರುವ ವಿಚಾರಣೆ ಕಡತಗಳನ್ನು ಊರೂರಿನ ಮಟ್ಟದಲ್ಲಿ ಎಣಿಸಿ, ಕಳೆದುಹೋದ ಕಡತಗಳಿಗೂ ಅವಕಾಶ ಬಿಟ್ಟು, ಇವತ್ತಿನ ಇತಿಹಾಸಕಾರರು ಹೇಳುವುದು 40,000ದಿಂದ 60,000 ಮರಣದಂಡನೆ. ವಿಚಾರಣೆಗೆ ಒಳಗಾದವರು ಸುಮಾರು ಒಂದು ಲಕ್ಷ. ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಜರ್ಮನ್ ಭಾಷೆಯ ಸೀಮೆಗಳವರು. ಸಂಖ್ಯೆ ಇಳಿದರೆ ಘೋರ ಇಳಿಯುವುದಿಲ್ಲ. ಆದರೆ ತಪ್ಪು ಸಂಖ್ಯೆ ಇಟ್ಟುಕೊಂಡರೆ ಕಾರಣವೂ ತಪ್ಪುತ್ತದೆ.

ಕಾಲದ ವಿಷಯದಲ್ಲೂ ಅಷ್ಟೇ. ಷಾರ್ಲಮೇನ್ 8ನೇ ಶತಮಾನದ ಕೊನೆಯಲ್ಲಿ ಸ್ಯಾಕ್ಸನಿಗೆ ಮಾಡಿದ ಕಾನೂನಿನಲ್ಲಿ ಮರಣದಂಡನೆ ಇದ್ದದ್ದು ಮಾಟಗಾತಿಗಲ್ಲ, ಮಾಟಗಾತಿ ಎಂದು ಹೇಳಿ ಇನ್ನೊಬ್ಬರನ್ನು ಸುಟ್ಟವನಿಗೆ. 10ನೇ ಶತಮಾನದ ಆರಂಭದ ಒಂದು ಚರ್ಚ್ ನಿಯಮ, ಹೆಂಗಸರು ರಾತ್ರಿ ಪ್ರಾಣಿಗಳ ಮೇಲೆ ಕೂತು ಹಾರುತ್ತಾರೆ ಅನ್ನೋದು ಕನಸಿನ ಭ್ರಮೆ, ಅದನ್ನು ನಿಜವೆಂದು ನಂಬುವುದೇ ತಪ್ಪು ಎನ್ನುತ್ತದೆ. 14ನೇ ಶತಮಾನದಲ್ಲಿ ಟೂಲೂಸ್‌ನಲ್ಲಿ ನೂರಾರು ಜನರನ್ನು ಸುಟ್ಟರೆಂದು ಹಳೆ ಪುಸ್ತಕಗಳಲ್ಲಿದ್ದ ವಿಚಾರಣೆಗಳು 1829ರಲ್ಲಿ ಲಾಮೋತ್-ಲಾಂಗೋನ್ ಎಂಬ ಫ್ರೆಂಚ್ ಲೇಖಕ ಕಟ್ಟಿದ ಕೃತಕ ದಾಖಲೆ ಎಂದು 1970ರ ದಶಕದಲ್ಲಿ ಸಾಬೀತಾಯಿತು. ಅದು ಬಿದ್ದ ಮೇಲೆ ಮಧ್ಯಯುಗದ ದೊಡ್ಡ ಬೇಟೆ ಎಂಬುದೇ ಉಳಿಯಲಿಲ್ಲ. ಸೈತಾನನ ಜೊತೆ ಒಪ್ಪಂದ, ಹಾರಾಟ, ರಾತ್ರಿ ಕೂಟ, ಮಕ್ಕಳನ್ನು ತಿನ್ನುವುದು, ಇವೆಲ್ಲ ಒಂದೇ ಅಪರಾಧವಾಗಿ ಹೆಣೆದುಕೊಂಡದ್ದು 1420–1440ರ ನಡುವೆ, ಸವಾಯ್, ವಾಲೆ ಮುಂತಾದ ಆಲ್ಪ್ಸ್ ಕಣಿವೆಗಳಲ್ಲಿ. ಅಚ್ಚಿನ ಮೊಳೆ ಬಂದ ಮೇಲೆ ಅದು ಊರೂರು ಸುತ್ತಿತು. ಉತ್ತುಂಗ 1560ರಿಂದ 1650. ಅಂದರೆ ಗೆಲಿಲಿಯೋ, ಕೆಪ್ಲರ್ ಬದುಕಿದ್ದ ಕಾಲ. ಕೆಪ್ಲರನ ತಾಯಿಯ ಮೇಲೂ ಮಾಟದ ಮೊಕದ್ದಮೆ ನಡೆದು, ಮಗನೇ ಅವಳ ಪರವಾಗಿ ವಾದ ಸಿದ್ಧಪಡಿಸಿದ. 1621ರಲ್ಲಿ ಅವಳ ಬಿಡುಗಡೆಯಾಯಿತು.

ಕಟಕಟೆ

ಹಳೇದಫ್ತರದವರು ಕಾಲ ಹೇಳಿದರು. ಆ ಕಾಲದಲ್ಲಿ ಬದಲಾದದ್ದು ಏನು ಅನ್ನೋದಕ್ಕೆ ನನ್ನ ಉತ್ತರ ಒಂದೇ: ವಿಚಾರಣೆಯ ವಿಧಾನ.

ಹಳೆ ಪದ್ಧತಿಯಲ್ಲಿ ಫಿರ್ಯಾದಿಯೇ ಮೊಕದ್ದಮೆ ನಡೆಸಬೇಕಿತ್ತು. ನೆರೆಯವಳು ಮಾಟ ಮಾಡಿದಳು ಎಂದು ದೂರಿ ಸಾಬೀತು ಮಾಡಲಾಗದಿದ್ದರೆ, ಅವಳಿಗೆ ಆಗಬೇಕಿದ್ದ ಶಿಕ್ಷೆ ದೂರಿದವನಿಗೇ ಆಗಬಹುದಿತ್ತು. ಹೊಸ ಪದ್ಧತಿಯಲ್ಲಿ ದೂರು ಕೊಟ್ಟವನು ಮನೆಗೆ ಹೋಗಿ ಮಲಗಬಹುದು; ತನಿಖೆ ಮಾಡುವವನೂ, ಪ್ರಶ್ನೆ ಕೇಳುವವನೂ, ತೀರ್ಪು ಕೊಡುವವನೂ ಅಧಿಕಾರಿಯೇ. ದೂರಿಗೆ ಇದ್ದ ಅಂಜಿಕೆ ಹೋಯಿತು.

ಇದರ ಮೇಲೆ ಸಾಕ್ಷಿಯ ನಿಯಮ. ಜರ್ಮನ್ ಸೀಮೆಗಳ ಸಾಮ್ರಾಟ 5ನೇ ಚಾರ್ಲ್ಸ್ 1532ರಲ್ಲಿ ತಂದ ಅಪರಾಧ ಸಂಹಿತೆಗೆ ಕರೋಲಿನಾ ಎಂದು ಹೆಸರು. ಶಿಕ್ಷೆಗೆ ಇಬ್ಬರು ನಂಬಲರ್ಹ ಪ್ರತ್ಯಕ್ಷ ಸಾಕ್ಷಿ ಬೇಕು, ಇಲ್ಲವೇ ತಪ್ಪೊಪ್ಪಿಗೆ ಬೇಕು. ಓದಿದರೆ ಆರೋಪಿಗೆ ರಕ್ಷಣೆ ಅನ್ನಿಸುತ್ತದೆ. ಆದರೆ ಮಾಟಕ್ಕೆ ಪ್ರತ್ಯಕ್ಷ ಸಾಕ್ಷಿ ಎಲ್ಲಿಂದ ಬರಬೇಕು? ಉಳಿದದ್ದು ತಪ್ಪೊಪ್ಪಿಗೆ ಒಂದೇ. ಅದನ್ನು ಹೊರಡಿಸಲು ಚಿತ್ರಹಿಂಸೆಗೆ ಕಾನೂನಿನ ಒಪ್ಪಿಗೆ ಇತ್ತು. ಅದಕ್ಕೂ ಕಟ್ಟುಗಳಿದ್ದವು, ನಿಜ: ಮೊದಲು ಬಲವಾದ ಕುರುಹು ಇರಬೇಕು, ಪ್ರಶ್ನೆಯಲ್ಲೇ ಉತ್ತರ ಹೇಳಿಕೊಡಬಾರದು, ಒಪ್ಪಿಕೊಂಡದ್ದನ್ನು ಹೊರಗೆ ಪರಿಶೀಲಿಸಬೇಕು, ನೋವು ನಿಂತ ಮೇಲೆ ಮತ್ತೊಮ್ಮೆ ಹೇಳಿಸಬೇಕು. ಯಾರಿಗೂ ಹಾನಿಯಾಗದ ಮಾಟಕ್ಕೆ ಸುಡುವ ಶಿಕ್ಷೆಯೂ ಅದರಲ್ಲಿ ಇರಲಿಲ್ಲ.

ಕಟ್ಟು ಕಳಚಿದ್ದು, ಮಾಟ 'ವಿಶೇಷ ಅಪರಾಧ', ಇದಕ್ಕೆ ಸಾಮಾನ್ಯ ನಿಯಮ ಅನ್ವಯಿಸಬಾರದು ಎಂಬ ವಾದದಿಂದ. ಇದನ್ನು ಗಟ್ಟಿಯಾಗಿ ಮಂಡಿಸಿದವರಲ್ಲಿ ಜ್ಯಾನ್ ಬೋದಾನ್ ಕೂಡ ಒಬ್ಬ, 1580ರಲ್ಲಿ. ರಾಜ್ಯದ ಸಾರ್ವಭೌಮತ್ವದ ಬಗ್ಗೆ ಇವತ್ತಿಗೂ ಓದಿಸುವ ಅದೇ ಬೋದಾನ್. ಹಾಗಾಗಿ ಇದನ್ನು ಅನಕ್ಷರಸ್ಥರ ಮೌಢ್ಯ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಬೆಂಕಿಗೆ ತುಪ್ಪ ಸುರಿದವರು ವಕೀಲರು, ಪಂಡಿತರು, ವಿಶ್ವವಿದ್ಯಾಲಯದ ಪದವೀಧರರು.

ಕೊನೆಯ ಕೊಂಡಿ, ಎಲ್ಲಕ್ಕಿಂತ ಮಾರಕವಾದದ್ದು: 'ಕೂಟದಲ್ಲಿ ನಿನ್ನ ಜೊತೆ ಯಾರಿದ್ದರು?' ಎಂಬ ಪ್ರಶ್ನೆ. ಮಾಟಗಾತಿ ಒಂಟಿ ಅಲ್ಲ, ಗುಂಪಿನವಳು ಎಂದು ಒಪ್ಪಿದ ಕ್ಷಣ ಪ್ರತಿ ತಪ್ಪೊಪ್ಪಿಗೆಯೂ ಹೆಸರುಗಳ ಪಟ್ಟಿಯಾಗುತ್ತದೆ. ಜರ್ಮನಿಯ ಟ್ರಿಯರ್ ನಗರದ ಪಕ್ಕದ ಸೇಂಟ್ ಮ್ಯಾಕ್ಸಿಮಿನ್ ಮಠದ ಸೀಮೆಯಲ್ಲಿ ಕ್ಲಾಡಿಯಸ್ ಮ್ಯೂಸಿಯೆಲ್ ಎಂಬ ಅಧಿಕಾರಿ ಇಟ್ಟ ಪಟ್ಟಿ ಉಳಿದಿದೆ. ಸುಮಾರು 300 ಮಂದಿ ಸಾಯುವ ಮೊದಲು ಹೇಳಿದ ಹೆಸರುಗಳು ಅದರಲ್ಲಿವೆ: 6,000ದಷ್ಟು ಆರೋಪ, ಸುಮಾರು 1,500 ಬೇರೆ ಬೇರೆ ವ್ಯಕ್ತಿಗಳ ಮೇಲೆ. ತಲೆಗೆ ಇಪ್ಪತ್ತು. ಒಬ್ಬರ ಹೆಸರು ಮೂರ್ನಾಲ್ಕು ಪಟ್ಟಿಗಳಲ್ಲಿ ಬಂದರೆ ಅದೇ 'ಬಲವಾದ ಕುರುಹು', ಮತ್ತೆ ಹಿಂಸೆ, ಮತ್ತೆ ಪಟ್ಟಿ.

ರಾಗಿಕಣ

ಕಟಕಟೆಯವರ ಮಾತು ಯಂತ್ರವನ್ನು ವಿವರಿಸುತ್ತದೆ, ಸರಿ. ಆದರೆ ಅದು ಯಾವ ವರ್ಷ ಚಾಲೂ ಆಯಿತು ಅನ್ನೋದನ್ನು ಹೇಳೋದು ಹೊಲ.

1560ರಿಂದ ಯುರೋಪಿನ ಹವೆ ತಣ್ಣಗಾಗುತ್ತಾ ಹೋಯಿತು. ಉದ್ದನೆ ಚಳಿಗಾಲ, ತೇವದ ಬೇಸಿಗೆ, ತಡವಾಗಿ ಬೀಳುವ ಹಿಮ. ಅದೇ ಶತಮಾನದಲ್ಲಿ ಜನಸಂಖ್ಯೆ ಏರಿತ್ತು, ಧಾನ್ಯದ ಬೆಲೆ ಕೂಲಿಯನ್ನು ಎಷ್ಟೋ ಹಿಂದೆ ಹಾಕಿತ್ತು. 1562ರ ಆಗಸ್ಟ್‌ನಲ್ಲಿ ನೈಋತ್ಯ ಜರ್ಮನಿಯ ಮೇಲೆ ಭಾರಿ ಆಲಿಕಲ್ಲು ಮಳೆ ಬಿತ್ತು. ಅದರ ಬೆನ್ನಲ್ಲೇ ವೀಸೆನ್‌ಸ್ಟೈಗ್ ಎಂಬ ಸಣ್ಣ ಪ್ರಭುತ್ವದಲ್ಲಿ 63 ಹೆಂಗಸರನ್ನು ಸುಟ್ಟರು. ದೊಡ್ಡ ಬೇಟೆಗಳ ಸಾಲು ಶುರುವಾಗುವುದು ಅಲ್ಲಿಂದಲೇ. 1626ರ ಮೇ ಕೊನೆಯ ವಾರ ಜರ್ಮನಿಯ ಫ್ರಾಂಕೋನಿಯಾ ಸೀಮೆಯಲ್ಲಿ ಹಿಮಗಾಳಿ ಬೀಸಿ, ರೈ ತೆನೆ, ಬಾರ್ಲಿ, ದ್ರಾಕ್ಷಿ ಬಳ್ಳಿ ಒಂದೇ ರಾತ್ರಿಯಲ್ಲಿ ಕರಕಲಾದವು. ಧಾನ್ಯವನ್ನು ಮುಂದಿನ ವರ್ಷ ಬಿತ್ತಬಹುದು. ದ್ರಾಕ್ಷಿ ಹಾಗಲ್ಲ, ಬಳ್ಳಿ ಸತ್ತರೆ ಹೊಸದು ಕೈಗೆ ಬರಲು ಮೂರು ವರ್ಷವಾದರೂ ಬೇಕು, ಅಲ್ಲಿವರೆಗೆ ಸಾಲ. ಬಾಂಬರ್ಗ್ ಮತ್ತು ವ್ಯೂರ್ಟ್ಸ್‌ಬರ್ಗ್‌ಗಳ ಭಯಂಕರ ಬೇಟೆ ಆ ಹಿಮದ ಬೆನ್ನಲ್ಲೇ ಬಂತು.

ಇನ್ನೊಂದು ಸೂಕ್ಷ್ಮ. ಪ್ಲೇಗು ಬಂದರೆ ಎಲ್ಲರಿಗೂ ಬರುತ್ತದೆ, ದೇವರ ಕೋಪ ಅನ್ನುತ್ತಾರೆ. ಆಲಿಕಲ್ಲು ಹಾಗಲ್ಲ. ಈ ಬದುವಿನ ಈಚೆ ತೆನೆಯೆಲ್ಲ ನೆಲಸಮ, ಆಚೆ ಒಂದು ಎಲೆಯೂ ಹರಿದಿಲ್ಲ. ಯಾರೋ ಗುರಿಯಿಟ್ಟು ಮಾಡಿದಂತೆ ಕಾಣುತ್ತದೆ. ದ್ರಾಕ್ಷಿ ಸೀಮೆಗಳಲ್ಲಿ ಹವಾಮಾನದ ಮಾಟದ ಆರೋಪ ಅಷ್ಟು ದಟ್ಟವಾಗಿ ಇರೋದಕ್ಕೆ ಇದು ಕಾರಣ ಎಂದು ನನ್ನ ಎಣಿಕೆ.

ಕಟಕಟೆ

ರಾಗಿಕಣ ಅವರೇ, ಅದೇ 1562ರ ಆಲಿಕಲ್ಲನ್ನೇ ತೆಗೆದುಕೊಳ್ಳಿ. ಅದು ಪಕ್ಕದ ವ್ಯೂರ್ಟೆಂಬರ್ಗ್ ಡಚಿಯ ಮೇಲೂ ಬಿತ್ತು. ಅಲ್ಲಿನ ರಾಜಧಾನಿ ಸ್ಟುಟ್‌ಗಾರ್ಟ್‌ನಲ್ಲಿ ಆಲ್ಬರ್, ಬಿಡೆಂಬಾಖ್ ಎಂಬ ಇಬ್ಬರು ಲೂಥರನ್ ಬೋಧಕರು, ಆಲಿಕಲ್ಲು ಸುರಿಸುವುದು ದೇವರು, ಯಾವ ಮುದುಕಿಯ ಕೈಯಲ್ಲೂ ಅದು ಇಲ್ಲ ಎಂದು ಪ್ರವಚನ ಕೊಟ್ಟು, ಅದೇ ವರ್ಷ ಅಚ್ಚು ಹಾಕಿಸಿದರು. ಅಲ್ಲಿ 63 ಜನ ಸಾಯಲಿಲ್ಲ. ಆಲಿಕಲ್ಲು ಒಂದೇ, ಕಚೇರಿ ಬೇರೆ ಬೇರೆ.

ರಾಗಿಕಣ

ಒಪ್ಪಿದೆ. ಆದರೆ ಆ ಇಬ್ಬರೂ ಪ್ರವಚನ ಕೊಡಬೇಕಾಗಿ ಬಂದದ್ದೇ ಜನ ಬೀದಿಗೆ ಇಳಿದಿದ್ದರಿಂದ. ಬಹುಪಾಲು ಬೇಟೆಗಳಲ್ಲಿ ಮೊದಲ ಅರ್ಜಿ ಬಂದದ್ದು ಕೆಳಗಿನಿಂದ. ಮೇಲಿನವರು ಅದನ್ನು ತಡೆದರೋ ಬಿಟ್ಟರೋ ಅನ್ನೋದು ಆಮೇಲಿನ ಮಾತು.

ಶಾಲ್ಮಲಾತೀರ

ಕೆಳಗಿನಿಂದ ಬಂದ ಅರ್ಜಿಯಲ್ಲಿ ಏನಿರುತ್ತಿತ್ತು ಅನ್ನೋದನ್ನೂ ನೋಡೋಣ. ಊರವರ ಸಾಕ್ಷಿ ಹೇಳಿಕೆಗಳಲ್ಲಿ ಸೈತಾನ ಬಹಳ ಅಪರೂಪ. ಅಲ್ಲಿರುವುದು ಹಾಲು, ಬೆಣ್ಣೆ, ಹಸು, ಬಾಣಂತಿ, ಕೂಸು. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ದಾಖಲೆಗಳಲ್ಲಿ ಒಂದು ವರಸೆ ಮತ್ತೆ ಮತ್ತೆ ಬರುತ್ತದೆ. ಬಡ ಮುದುಕಿ ಬಾಗಿಲಿಗೆ ಬಂದು ಒಂದಿಷ್ಟು ಹಾಲೋ ಕಿಣ್ವವೋ ಕೇಳುತ್ತಾಳೆ. ಮನೆಯಾಕೆ ಇಲ್ಲ ಅನ್ನುತ್ತಾಳೆ. ಮುದುಕಿ ಗೊಣಗಿಕೊಂಡು ಹೋಗುತ್ತಾಳೆ. ವಾರದೊಳಗೆ ಮಗುವಿಗೆ ಜ್ವರ, ಇಲ್ಲವೇ ಎಷ್ಟು ಕಡೆದರೂ ಬೆಣ್ಣೆ ಬಾರದು. ಇಲ್ಲ ಅಂದವಳಿಗೆ ಒಳಗೊಳಗೇ ಚುಚ್ಚುತ್ತಿರುತ್ತದೆ, ಯಾಕೆಂದರೆ ಹಳ್ಳಿಯ ಹಳೆ ಧರ್ಮದ ಪ್ರಕಾರ ಕೊಡಬೇಕಿತ್ತು. ಆ ಚುಚ್ಚು ಮುದುಕಿಯ ಮೇಲಿನ ಆರೋಪವಾಗಿ ತಿರುಗುತ್ತದೆ. ನೆರೆಹೊರೆಯ ದಾನ ಕುಸಿದು, ಬಡವರಿಗಾಗಿ ತೆರಿಗೆ ಎತ್ತುವ ಕಾನೂನು 1598, 1601ರಲ್ಲಿ ಗಟ್ಟಿಯಾಗುವ ಹೊತ್ತು ಅದು.

ಒಂದು ಜಗಳಕ್ಕೇ ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ. ಅನುಮಾನ ಹತ್ತು, ಇಪ್ಪತ್ತು ವರ್ಷ ಹುದುಗಿರುತ್ತಿತ್ತು. ಮೊದಲ ಹೆಜ್ಜೆ ಅವಳನ್ನೇ ಕರೆಸಿ 'ಮಗುವನ್ನು ಹರಸು' ಎಂದು ಕೇಳುವುದು. ಆಮೇಲೆ ಮಂತ್ರ ಬಲ್ಲವರ ಹತ್ತಿರ ಹೋಗಿ ಯಾರು ಮಾಡಿದ್ದು ಎಂದು ಕೇಳುವುದು. ಮದ್ದು ಮಾಡುವವರಿಗಿಂತ ಈ ಹೆಸರು ಹೇಳುವವರೇ ಹೆಚ್ಚು ಅನಾಹುತ ಮಾಡಿದರು. ಬಹುಪಾಲು ಅನುಮಾನ ಅಲ್ಲಿಗೇ ನಿಲ್ಲುತ್ತಿತ್ತು. ಕೋರ್ಟಿನ ಬಾಗಿಲು ಸುಲಭವಾಗಿ ತೆರೆದ ವರ್ಷ, ಇಪ್ಪತ್ತು ವರ್ಷದ ಗಂಟುಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡವು.

ಹೆಣ್ಣುಮಕ್ಕಳು ನೂರಕ್ಕೆ 75ರಿಂದ 80. ಸ್ಕಾಟ್ಲೆಂಡಿನಲ್ಲಿ ದಾಖಲೆಗಳಲ್ಲಿ ಸಿಕ್ಕಿರುವ 3,800ಕ್ಕೂ ಹೆಚ್ಚು ಆರೋಪಿಗಳಲ್ಲಿ ನೂರಕ್ಕೆ 84. ಹಾಗೆಂದು ಎಲ್ಲ ಕಡೆಯೂ ಹೀಗಿಲ್ಲ. ಐಸ್‌ಲ್ಯಾಂಡಿನಲ್ಲಿ ಸುಟ್ಟ ಇಪ್ಪತ್ತು ಚಿಲ್ಲರೆ ಜನರಲ್ಲಿ ಹೆಣ್ಣು ಒಬ್ಬಳೇ. ನಾರ್ಮಂಡಿಯಲ್ಲಿ ಸಿಕ್ಕಿಬಿದ್ದವರು ಹೆಚ್ಚಾಗಿ ಕುರಿಗಾಹಿ ಗಂಡಸರು. ಯಾವ ನಾಡಿನಲ್ಲಿ ಮಾಟವನ್ನು ಯಾರ ವಿದ್ಯೆ ಎಂದು ತಿಳಿದಿದ್ದರೋ ಅವರೇ ಸಿಕ್ಕರು. ಉಳಿದ ಯುರೋಪಿನಲ್ಲಿ ಅದು ಅಡುಗೆಮನೆ, ಹಟ್ಟಿ, ಬಾಣಂತನದ ಕೋಣೆಗೆ ಅಂಟಿಕೊಂಡಿತ್ತು, ಅಲ್ಲಿ ಓಡಾಡುವವರು ಹೆಂಗಸರು. ದೂರು ಹೇಳಿದವರಲ್ಲೂ ಎಷ್ಟೋ ಮಂದಿ ಹೆಂಗಸರೇ. ಗಂಡ ಸತ್ತವಳು, ಗಂಡುಮಕ್ಕಳಿಲ್ಲದವಳು ಕಟಕಟೆಗೆ ಬಂದರೆ ಅವಳ ಪರ ನಿಲ್ಲುವ ಗಂಡಸು ಇರುತ್ತಿರಲಿಲ್ಲ. ತೀರ್ಪು ಕೊಡುವವರೆಲ್ಲ ಗಂಡಸರು. ಹೆಣ್ಣಿನ ಮನಸ್ಸು ಸೈತಾನನಿಗೆ ಬೇಗ ಸೋಲುತ್ತದೆ ಎಂದು ಅವರು ಓದಿಕೊಂಡು ಬಂದಿದ್ದರು.

ಮೂಡಲಗಾಳಿ

ಸೂಲಗಿತ್ತಿಯರ ವಿಷಯ ಉಳಿಯಿತು. ಆಸ್ತಿ ಹೊಡೆಯಲು ಮಾಡಿದರು ಅಂತಲೂ ಹೇಳುತ್ತಾರಲ್ಲ?

ಹಳೇದಫ್ತರ

ಸೂಲಗಿತ್ತಿಯರನ್ನು ಗುರಿಯಿಟ್ಟು ಕೊಂದರು ಅನ್ನೋದಕ್ಕೆ ಎಣಿಕೆಯ ಬೆಂಬಲ ಇಲ್ಲ. ಆರೋಪಿಗಳಲ್ಲಿ ಅವರು ಬಹಳ ಕಡಿಮೆ. ನಂಬಿಕಸ್ಥೆ ಎಂದು ಊರು ಒಪ್ಪಿದವಳಿಗೇ ಆ ಕೆಲಸ ಸಿಗುತ್ತಿತ್ತು. ಎಷ್ಟೋ ಕಡೆ ಆರೋಪಿಯ ಮೈಮೇಲೆ ಸೈತಾನನ ಗುರುತು ಹುಡುಕಲು ಕೋರ್ಟು ಕರೆಸಿದ್ದು ಸೂಲಗಿತ್ತಿಯನ್ನೇ. ಆ ಕಥೆ ಹರಡಲು 1486ರಲ್ಲಿ ಸ್ಪೈಯರ್‌ನಲ್ಲಿ ಅಚ್ಚಾದ ಹೈನ್ರಿಖ್ ಕ್ರಾಮರನ, ಮಾಟಗಾತಿಯರನ್ನು ಹಿಡಿದು ವಿಚಾರಿಸುವ ಕೈಪಿಡಿ ಕಾರಣ. ಅದು ಸೂಲಗಿತ್ತಿಯರನ್ನು ಬೈಯುತ್ತದೆ ನಿಜ. ಅದು ಬರೆದ ಹಿನ್ನೆಲೆ ಗೊತ್ತಿರಲಿ: ಹಿಂದಿನ ವರ್ಷ ಇನ್ಸ್‌ಬ್ರುಕ್‌ನಲ್ಲಿ ಅವನು ಹೂಡಿದ ಮೊಕದ್ದಮೆಯಲ್ಲಿ ವಿಧಾನದ ದೋಷ ಹಿಡಿದು ಬಿಷಪ್ ಗೋಲ್ಸರ್ ಹೆಂಗಸರನ್ನೆಲ್ಲ ಬಿಡುಗಡೆ ಮಾಡಿ, ಕ್ರಾಮರನಿಗೆ ಊರು ಬಿಡಲು ಹೇಳಿದ್ದ.

ಹಣದ ವಿಷಯ ಹೆಚ್ಚು ಸಿಕ್ಕಲು. ಸತ್ತವರು ಬಹುಪಾಲು ಬಡವರು, ಹೊಡೆಯಲು ಆಸ್ತಿಯೇ ಇರಲಿಲ್ಲ. ಊರಿಗೆ ಅದು ಖರ್ಚು. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ 1597ರ ಲೆಕ್ಕಪುಸ್ತಕದಲ್ಲಿ ಸುಡಲು 20 ಹೊರೆ ಪೀಟ್ ಇಂಧನಕ್ಕೆ 40 ಷಿಲಿಂಗ್, ಕಂಬಕ್ಕೆ 16 ಷಿಲಿಂಗ್, ಕೊಲ್ಲುವವನಿಗೆ 13 ಷಿಲಿಂಗ್ 4 ಪೆನ್ಸ್, ಟಾರು ಪೀಪಾಯಿ, ಕಲ್ಲಿದ್ದಲು, ಹಗ್ಗ ಎಂದು ಒಂದೊಂದಾಗಿ ಬರೆದಿದೆ. ಹಗ್ಗ ಯಾಕೆಂದರೆ ಅಲ್ಲಿ ಸಾಮಾನ್ಯವಾಗಿ ಕೊರಳು ಬಿಗಿದು ಕೊಂದ ಮೇಲೆ ಸುಡುತ್ತಿದ್ದರು.

ಆದರೆ ನಡುವಿನವರು ದುಡಿದುಕೊಂಡರು. ಮೋಸೆಲ್, ಐಫೆಲ್ ಸೀಮೆಯ ಹಳ್ಳಿಗಳಲ್ಲಿ ಊರವರೇ ಆರಿಸಿದ ಸಮಿತಿಗಳು ಸಾಕ್ಷಿ ಕೂಡಿಸಲು ಓಡಾಡಿ, ಹೋಟೆಲಿನಲ್ಲಿ ಉಂಡು ಕುಡಿದ ಖರ್ಚನ್ನು ಆರೋಪಿಯ ಮನೆಯವರ ಮೇಲೆ ಹಾಕುತ್ತಿದ್ದವು. ಟ್ರಿಯರ್‌ನ ಆರ್ಚ್‌ಬಿಷಪ್ 1591ರಲ್ಲಿ ಇದಕ್ಕೆ ಕಡಿವಾಣ ಹಾಕುವ ಆದೇಶ ಹೊರಡಿಸಬೇಕಾಯಿತು. ಫುಲ್ಡಾದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ ಅಧಿಕಾರಿ ಬಾಲ್ತಸಾರ್ ನುಸ್ ಲೆಕ್ಕದಲ್ಲಿ ಮಾಡಿದ ಮೋಸಕ್ಕೆ ಸಿಕ್ಕಿ, 1618ರಲ್ಲಿ ಅವನದೇ ತಲೆ ಹೋಯಿತು. ಇಂಗ್ಲೆಂಡಿನಲ್ಲಿ ಮ್ಯಾಥ್ಯೂ ಹಾಪ್ಕಿನ್ಸ್ 1645–47ರಲ್ಲಿ ಊರೂರು ತಿರುಗಿ, ಸ್ಟೋಮಾರ್ಕೆಟ್ ಒಂದರಿಂದಲೇ 23 ಪೌಂಡ್ ಪಡೆದ. ಅಲ್ಲಿ ಚಿತ್ರಹಿಂಸೆಗೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಅದಕ್ಕೆ ಆರೋಪಿಯನ್ನು ಕೋಣೆಯ ನಡುವೆ ಕೂರಿಸಿ ಎರಡು ಮೂರು ರಾತ್ರಿ ಕಣ್ಣು ಮುಚ್ಚಗೊಡದೆ, ತೂಕಡಿಸಿದರೆ ಎಬ್ಬಿಸಿ ನಡೆಸಿ, ಒಪ್ಪಿಸುತ್ತಿದ್ದರು. ಒಳಯುದ್ಧದಿಂದ ಲಂಡನ್ನಿನ ನ್ಯಾಯಾಧೀಶರ ಓಡಾಟ ಕೆಟ್ಟಿದ್ದ ಎರಡು ವರ್ಷವಷ್ಟೇ ಅವನ ಆಟ ನಡೆದದ್ದು. ಕಟಕಟೆಯವರ ವಾದಕ್ಕೆ ಇದು ಬಲ.

ಇತಿಹಾಸಮೇಷ್ಟ್ರು

ಬಾಂಬರ್ಗ್‌ನ ಹೆಸರು ಬಂದಿತು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಚರ್ಚೆಯ ಎಲ್ಲ ಕಾರಣಗಳೂ ಒಂದೇ ಊರಿನಲ್ಲಿ ಕೂಡಿಕೊಂಡದ್ದು ಅಲ್ಲಿ.

ಬಾಂಬರ್ಗ್‌ನಲ್ಲಿ ಬಿಷಪ್ಪನೇ ದೊರೆ. ಆಗ ಗದ್ದುಗೆಯಲ್ಲಿದ್ದವನು ಯೊಹಾನ್ ಗೇಯೊರ್ಗ್ ಫುಕ್ಸ್ ಫಾನ್ ಡೊರ್ನ್‌ಹೈಮ್. ಮೂವತ್ತು ವರ್ಷದ ಯುದ್ಧ ನಡೆಯುತ್ತಿತ್ತು, ಪ್ರಾಟೆಸ್ಟಂಟರಿಂದ ಊರನ್ನು ಮತ್ತೆ ಕ್ಯಾಥೊಲಿಕ್ ಶುದ್ಧಿಗೆ ತರುವ ಹಟ ಇತ್ತು, 1626ರ ಹಿಮ ಬಿತ್ತು. 1627ರಲ್ಲಿ ಮಾಟದ ಆರೋಪಿಗಳಿಗೆಂದೇ ಒಂದು ಸೆರೆಮನೆ ಕಟ್ಟಿಸಿದ. ವಿಚಾರಣೆಗೆ ಸಾಮಾನ್ಯ ನ್ಯಾಯಾಲಯವನ್ನು ಬದಿಗೆ ಸರಿಸಿ ಪ್ರತ್ಯೇಕ ಆಯೋಗ. ಆರೋಪಿಗೆ ವಕೀಲನಿಲ್ಲ, ಆರೋಪ ಮಾಡಿದವರ ಹೆಸರು ತಿಳಿಸುವುದಿಲ್ಲ, ಆಸ್ತಿ ಜಪ್ತಿ. 1612ರಿಂದ 1631ರ ನಡುವೆ ಆ ಸೀಮೆಯಲ್ಲಿ ಸತ್ತವರು ಸುಮಾರು ಒಂದು ಸಾವಿರ, ಹೆಚ್ಚಿನವರು ಕೊನೆಯ ಐದು ವರ್ಷಗಳಲ್ಲಿ.

ನಗರದ ಬರ್ಗೊಮಾಸ್ಟರ್, ಅಂದರೆ ಪುರಾಧ್ಯಕ್ಷ, ಯೊಹಾನೆಸ್ ಯೂನಿಯುಸ್. ವಯಸ್ಸು 55. ಅವನ ಹೆಂಡತಿಯನ್ನು ಮೊದಲೇ ಕೊಂದಿದ್ದರು. 1628ರ ಜೂನ್ ಕೊನೆಯಲ್ಲಿ ಅವನನ್ನು ಹಿಡಿದರು. ಹೆಬ್ಬೆರಳಿಗೆ ತಿರುಪು ಹಾಕಿ ರಕ್ತ ಚಿಮ್ಮುವವರೆಗೆ ಬಿಗಿದರು. ಕೈ ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ಮೇಲಕ್ಕೆಳೆದು ಬೀಳಿಸಿದ್ದು ಎಂಟು ಸಲ. ಕೊನೆಗೆ ಹಿಂಸೆ ಕೊಡುವವನೇ, ಏನಾದರೂ ಕಟ್ಟಿ ಹೇಳಿಬಿಡು, ಇವರು ಬಿಡುವವರಲ್ಲ ಎಂದು ಬೇಡಿಕೊಂಡನಂತೆ. ಅವನು ಕಟ್ಟಿ ಹೇಳಿದ. ಅದು ಸಾಲದು, ಕೂಟದಲ್ಲಿ ಕಂಡವರ ಹೆಸರು ಬೇಕು ಎಂದರು. ಯಾರೂ ಗೊತ್ತಿಲ್ಲ ಎಂದಾಗ ಊರಿನ ಬೀದಿಗಳನ್ನು ಒಂದೊಂದಾಗಿ ಹೆಸರಿಸುತ್ತಾ, ಈ ಬೀದಿಯಲ್ಲಿ ಯಾರು, ಮುಂದಿನ ಬೀದಿಯಲ್ಲಿ ಯಾರು ಎಂದು ಕೇಳಿದರು. ಕಟಕಟೆಯವರು ಹೇಳಿದ ತಲೆಗೆ ಇಪ್ಪತ್ತು ಹೆಸರು ಹುಟ್ಟುತ್ತಿದ್ದದ್ದು ಹೀಗೆ. ಇದೆಲ್ಲ ನಮಗೆ ಗೊತ್ತಾಗಿರುವುದು 1628ರ ಜುಲೈ 24ರಂದು ಮಗಳು ವೆರೋನಿಕಾಗೆ ಅವನು ನಜ್ಜುಗುಜ್ಜಾದ ಕೈಯಿಂದ ಬರೆದು, ಕಾವಲುಗಾರನ ಮೂಲಕ ಕಳಿಸಲು ನೋಡಿದ ಪತ್ರದಿಂದ. ಪತ್ರ ಈಗ ಬಾಂಬರ್ಗ್‌ನ ಗ್ರಂಥಾಲಯದಲ್ಲಿದೆ. ಕೋರ್ಟಿನ ಕಡತವೂ ಉಳಿದಿದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಕಡತದ 'ತಪ್ಪೊಪ್ಪಿಗೆ' ಹೇಗೆ ತಯಾರಾಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಆಗಸ್ಟ್‌ನಲ್ಲಿ ಅವನನ್ನು ಕೊಂದರು.

ದೊರೆಯ ಚಾನ್ಸಲರ್ ಗೇಯೊರ್ಗ್ ಹಾನ್ ಇದಕ್ಕೆಲ್ಲ ಅಡ್ಡಿಯಾಗುತ್ತಾನೆ ಎಂಬ ಅನುಮಾನ ಬಂದದ್ದೇ ಅವನ ಪಾಲಿಗೆ ಆರೋಪವಾಯಿತು. ಅವನೂ, ಹೆಂಡತಿ ಮಕ್ಕಳೂ ಹೋದರು. ಪಕ್ಕದ ವ್ಯೂರ್ಟ್ಸ್‌ಬರ್ಗ್‌ನ 1629ರ ಒಂದು ಪಟ್ಟಿಯಲ್ಲಿ 29 ಸರದಿಗಳಲ್ಲಿ 157 ಮಂದಿ: ಮೊದಲ ಸರದಿಗಳಲ್ಲಿ ಮುದುಕಿಯರು, ಬರಬರುತ್ತಾ ನಗರಸಭೆ ಸದಸ್ಯರು, ಪಾದ್ರಿಗಳು, ಮಕ್ಕಳು. ಪಟ್ಟಿ ಮೇಲಿನವರನ್ನು ಮುಟ್ಟಿದಾಗಲೇ ಮೇಲಿನವರಿಗೆ ವಿಧಾನದ ಮೇಲೆ ಅನುಮಾನ ಹುಟ್ಟಿದ್ದು. ಓಡಿಹೋದವರು ಸಾಮ್ರಾಟನಿಗೆ ಅರ್ಜಿ ಹಾಕಿದರು. 1630–31ರಲ್ಲಿ ಅವನು ವಿಧಾನ ಸರಿಪಡಿಸಬೇಕು, ಆಸ್ತಿ ಜಪ್ತಿ ನಿಲ್ಲಬೇಕು ಎಂದು ಆದೇಶ ಕೊಟ್ಟ. ಬೇಟೆ ನಿಂತಿತು. ಜಪ್ತಿ ನಿಂತದ್ದೂ ಬೇಟೆ ನಿಂತದ್ದೂ ಒಟ್ಟಿಗೇ ಆದದ್ದನ್ನು ಗಮನಿಸಿ, ಹಳೇದಫ್ತರದವರೇ. ಬಾಂಬರ್ಗ್ ಮಟ್ಟಿಗೆ ಹಣವನ್ನು ಅಷ್ಟು ಸುಲಭವಾಗಿ ಬದಿಗಿಡಲಾಗದು.

ಮೂಡಲಗಾಳಿ

ಅಮೆರಿಕದ ಸೇಲಂ ಊರಿನ ಮಾಟದ ಮೊಕದ್ದಮೆಗಳಿಗೆ ಮೂಲವಾಗಿ, ಅಲ್ಲಿ ಬೂಸ್ಟು ಹಿಡಿದ ರೈ ತಿಂದು ಹುಡುಗಿಯರಿಗೆ ಭ್ರಮೆ ಬಂತು ಅನ್ನುತ್ತಾರೆ, ಎರ್ಗಟ್ ಅಂತ?

ರಾಗಿಕಣ

1976ರಲ್ಲಿ ಬಂದ ಊಹೆ ಅದು, ಅದೇ ವರ್ಷ ಉತ್ತರವೂ ಬಂತು. ಎರ್ಗಟ್ ವಿಷದ ಸೆಳೆತ ಆರೋಪಿ ಒಳಗೆ ಬಂದಾಗ ಶುರುವಾಗಿ, ಅವಳು ಮುಟ್ಟಿದ ಕೂಡಲೇ ನಿಲ್ಲುವುದಿಲ್ಲ. ಒಂದೇ ಹಿಟ್ಟಿನ ರೊಟ್ಟಿ ತಿಂದ ಮನೆಯಲ್ಲಿ ಒಬ್ಬಳಿಗೇ ಬರುವುದೂ ಇಲ್ಲ. ಸೆಳೆತದ ಬಗೆಯ ಎರ್ಗಟ್ ಕಾಣುವುದು ಎ ಜೀವಸತ್ವದ ಕೊರತೆ ಇದ್ದಲ್ಲಿ. ಸೇಲಂನವರಿಗೆ ಮೀನು, ಹಾಲು, ಬೆಣ್ಣೆ ಧಾರಾಳ.

ಕಟಕಟೆ

ಸೇಲಂನಲ್ಲೂ ಕೀಲಿ ಸಾಕ್ಷಿಯ ನಿಯಮವೇ. 1692ರಲ್ಲಿ ವಿಶೇಷ ನ್ಯಾಯಾಲಯ, ಆರೋಪಿಯ ಛಾಯೆ ಬಂದು ತನ್ನನ್ನು ಚಿವುಟಿತು ಎಂಬ ಹೇಳಿಕೆಯನ್ನು ಸಾಕ್ಷಿಯಾಗಿ ಒಪ್ಪಿತು. ಆ ಛಾಯೆ ಹೇಳಿದವಳಿಗೆ ಬಿಟ್ಟು ಬೇರೆ ಯಾರಿಗೂ ಕಾಣದು. 19 ಮಂದಿಗೆ ಗಲ್ಲು, ವಿಚಾರಣೆಗೆ ಒಪ್ಪದ ಗೈಲ್ಸ್ ಕೋರಿ ಎಂಬ ಮುದುಕನ ಮೇಲೆ ಕಲ್ಲು ಹೇರಿ ಸಾಯಿಸಿದರು, ಕನಿಷ್ಠ ಐವರು ಜೈಲಿನಲ್ಲೇ ಸತ್ತರು. 1693ರ ಜನವರಿಯಲ್ಲಿ ಹೊಸ ನ್ಯಾಯಾಲಯ ಆ ಬಗೆಯ ಸಾಕ್ಷಿಯನ್ನು ಕೈಬಿಟ್ಟಿತು. ಅದೇ ಊರು, ಅದೇ ನಂಬಿಕೆ. ತಪ್ಪಿತಸ್ಥರೆಂದು ತೀರ್ಪಾದವರು ಮೂವರೇ, ಆ ಮೂವರೂ ಸಾಯಲಿಲ್ಲ.

ಸ್ಪೇನ್ ಇನ್ನೂ ಸ್ಪಷ್ಟ. ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹ ವಿಚಾರಿಸುವ ಚರ್ಚಿನ ನ್ಯಾಯಾಲಯ, ಎಂದರೆ ಬೆಂಕಿ ಎಂದು ನಾವು ಓದಿದ್ದೇವೆ. ಮಾಟದ ವಿಷಯದಲ್ಲಿ ಅದು ಉಲ್ಟಾ. 1610ರಲ್ಲಿ ಲೊಗ್ರೋನ್ಯೊದಲ್ಲಿ ಬಾಸ್ಕ್ ಸೀಮೆಯ ಆರು ಜನರನ್ನು ಸುಟ್ಟ ಮೇಲೆ, ಆ ಪೀಠದ ಮೂವರಲ್ಲಿ ಒಬ್ಬನಾದ ಅಲೋನ್ಸೊ ದೆ ಸಲಝಾರ್ ಫ್ರಿಯಾಸ್ ಹಳ್ಳಿಗಳಿಗೆ ಹೋದ. 1,802 ಜನರ ಹೇಳಿಕೆ ತೆಗೆದುಕೊಂಡ, ಅದರಲ್ಲಿ 1,384 ಮಕ್ಕಳು. ಅವನು ಮಾಡಿದ ಪರೀಕ್ಷೆ ಇವು: ಒಂದೇ ಕೂಟಕ್ಕೆ ಹೋಗಿದ್ದೆವು ಎಂದವರನ್ನು ಬೇರೆ ಬೇರೆಯಾಗಿ ಕರೆದೊಯ್ದು ಜಾಗ ತೋರಿಸಲು ಹೇಳಿದ, ಮಾತು ಕೂಡಲಿಲ್ಲ. ಮಾಟದ ಮುಲಾಮು ಎಂದು ತಂದುಕೊಟ್ಟ 22 ಕುಡಿಕೆಗಳನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ, ವೈದ್ಯರಿಗೆ ತೋರಿಸಿದ, ಎಲ್ಲವೂ ಹುಸಿ. ಮಾಟದ ಬಗ್ಗೆ ಮಾತಾಡುವ, ಬರೆಯುವ ತನಕ ಆ ಊರುಗಳಲ್ಲಿ ಮಾಟಗಾತಿಯರೇ ಇರಲಿಲ್ಲ ಎಂದು ವರದಿ ಕೊಟ್ಟ. 1614ರಲ್ಲಿ ಮ್ಯಾಡ್ರಿಡ್‌ನ ಮಂಡಳಿ ಅದನ್ನು ಆಧರಿಸಿ ನಿಯಮ ಹೊರಡಿಸಿತು. ಕರುಣೆಯಿಂದ ಮಾಡಿದ ಕೆಲಸ ಇದಲ್ಲ. ಸಾಕ್ಷಿಯನ್ನು ಪರೀಕ್ಷಿಸುವ ಅಭ್ಯಾಸವಿದ್ದ, ಮೇಲಿನ ಕಚೇರಿಗೆ ಉತ್ತರ ಕೊಡಬೇಕಿದ್ದ ವ್ಯವಸ್ಥೆಯ ಕೆಲಸ. ಫ್ರಾನ್ಸಿನಲ್ಲೂ ಪ್ಯಾರಿಸ್‌ನ ಪಾರ್ಲಮಾ, ಅಂದರೆ ಅಲ್ಲಿನ ಉಚ್ಚ ನ್ಯಾಯಾಲಯ, 1624ರಲ್ಲಿ ಮಾಟದ ಪ್ರತಿ ಮರಣದಂಡನೆಯೂ ತನ್ನ ಮುಂದೆ ಮೇಲ್ಮನವಿಗೆ ಬರಲೇಬೇಕೆಂದು ಕಟ್ಟು ಮಾಡಿತು. ಬಂದವುಗಳಲ್ಲಿ ಬಹುಪಾಲನ್ನು ಇಳಿಸಿತು, ಇಲ್ಲವೇ ವಜಾ ಮಾಡಿತು.

ಶಾಲ್ಮಲಾತೀರ

ಕಾನೂನೇ ಎಲ್ಲ ಎಂದು ನಾನು ಹೇಳಲಾರೆ. ನಮ್ಮ ಜಾರ್ಖಂಡ್, ಒಡಿಶಾ, ಅಸ್ಸಾಂ, ಛತ್ತೀಸ್‌ಗಢಗಳಲ್ಲಿ 'ಡಾಯನ್' ಎಂದು ಕೊಲ್ಲುವವರು ಕೋರ್ಟಲ್ಲ, ಊರವರು, ನೆಂಟರು. ಅಲ್ಲಿ ಕಾನೂನು ಹೆಣ್ಣಿನ ಪರವಾಗಿಯೇ ಇದೆ. ಬಿಹಾರದಲ್ಲಿ 1999, ಜಾರ್ಖಂಡ್‌ನಲ್ಲಿ 2001, ಛತ್ತೀಸ್‌ಗಢದಲ್ಲಿ 2005, ಒಡಿಶಾದಲ್ಲಿ 2013, ರಾಜಸ್ಥಾನ, ಅಸ್ಸಾಂಗಳಲ್ಲಿ 2015. ಆದರೂ ನಡೆಯುತ್ತಿದೆ. ಜಾರ್ಖಂಡ್ ಕಾಯ್ದೆಯಲ್ಲಿ ಒಬ್ಬಳನ್ನು ಡಾಯನ್ ಎಂದು ಗುರುತಿಸಿದವನಿಗೆ ಗರಿಷ್ಠ ಮೂರು ತಿಂಗಳು ಸೆರೆ ಇಲ್ಲವೇ 1,000 ರೂಪಾಯಿ ದಂಡ. ಮನೆಯಲ್ಲಿ ಸಾವು, ಓಝಾ ಎಂಬ ಮಂತ್ರವಾದಿಯ ಬಾಯಲ್ಲಿ ಬಂದ ಹೆಸರು, ವಿಧವೆಯ ಪಾಲಿನ ತುಂಡು ಜಮೀನು. ಎಸೆಕ್ಸ್‌ನ ವರಸೆಗೂ ಇದಕ್ಕೂ ದೂರ ಕಡಿಮೆ. ಕರ್ನಾಟಕದಲ್ಲಿ ಬೀದರ, ಕಲಬುರಗಿ ಕಡೆ ಬಾನಾಮತಿ ಎಂದು ಒಬ್ಬರ ಮೇಲೆ ಬೆರಳು ತೋರಿಸುವಲ್ಲೂ ಹೆಸರು ಹೇಳುವವನೊಬ್ಬ ನಡುವೆ ಇರುತ್ತಾನೆ. ವಾಮಾಚಾರ ತಡೆಗೆ 2017ರಲ್ಲಿ ನಮ್ಮಲ್ಲೂ ಕಾನೂನು ಬಂದಿದೆ. ಯಾವ ಊರಿನಲ್ಲಿ ಮಗುವಿನ ಜ್ವರಕ್ಕೆ ಮೊದಲು ಸಿಗುವವರು ಯಾರು, ಆಸ್ಪತ್ರೆಯವರೋ ಓಝಾನೋ ಅನ್ನೋದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಟಕಟೆ

ಶಾಲ್ಮಲಾ ಅವರ ಮಾತು ಸರಿ. ಕೋರ್ಟು ನಿಂತರೆ ಕೊಲೆ ನಿಲ್ಲುತ್ತದೆ ಎಂದಲ್ಲ. ಯುರೋಪಿನಲ್ಲಿ ಹತ್ತಾರು ಸಾವಿರಕ್ಕೆ ಏರಿದ್ದು ಕೋರ್ಟಿನಿಂದ ಎಂದಷ್ಟೇ ನನ್ನ ವಾದ.

ಮೂಡಲಗಾಳಿ

ಕೊನೆಯದಾಗಿ ಒಂದು. ಬಾಂಬರ್ಗ್‌ನಿಂದ ನ್ಯೂರೆಂಬರ್ಗ್ 60 ಕಿಲೋಮೀಟರ್ ಕೂಡ ಇಲ್ಲ. ಅದೇ ಹಿಮ, ಅದೇ ಯುದ್ಧ, ಅದೇ ಕರೋಲಿನಾ. ಅಲ್ಲೇನಾಯಿತು?

ಇತಿಹಾಸಮೇಷ್ಟ್ರು

ಬಹುತೇಕ ಏನೂ ಆಗಲಿಲ್ಲ. ಬಾಂಬರ್ಗ್‌ನಿಂದ ತಪ್ಪಿಸಿಕೊಂಡವರು ಓಡಿಬಂದ ಊರುಗಳಲ್ಲಿ ಅದೂ ಒಂದು. ನ್ಯೂರೆಂಬರ್ಗ್ ನಗರಸಭೆ ಮಾಟದ ದೂರು ಬಂದರೆ ಮೊದಲು ತನ್ನ ಕಾನೂನು ಪಂಡಿತರ ಅಭಿಪ್ರಾಯ ತರಿಸುತ್ತಿತ್ತು, ಅವರು ಬರಿಯ ಹೆಸರು ಹೇಳಿಕೆಯನ್ನು ಹಿಂಸೆಗೆ ಸಾಲುವ ಕುರುಹು ಎಂದು ಒಪ್ಪುತ್ತಿರಲಿಲ್ಲ. 1590ರಲ್ಲಿ, ಸುತ್ತಲಿನ ಸೀಮೆಗಳಲ್ಲಿ ಬೇಟೆ ಜೋರಾಗಿದ್ದಾಗ, ಐಖ್‌ಶ್ಟೆಟ್‌ನಲ್ಲಿ ಮರಣದಂಡನೆಯ ಕೆಲಸದಲ್ಲಿದ್ದ ಫ್ರೀಡ್ರಿಖ್ ಶ್ಟೀಗ್ಲರ್ ಎಂಬವನು ನ್ಯೂರೆಂಬರ್ಗ್‌ಗೆ ಬಂದು, ಊರಿನ ಇಂಥಿಂಥ ಮನೆಯ ಹೆಂಗಸರು ಮಾಟಗಾತಿಯರು, ತನಗೆ ನೋಡಿದರೆ ಗೊತ್ತಾಗುತ್ತದೆ ಎಂದು ಹೇಳಲು ಶುರುಮಾಡಿದ. ನಗರಸಭೆ ಆ ಹೆಂಗಸರನ್ನು ಹಿಡಿಯಲಿಲ್ಲ. ಅವನನ್ನು ಹಿಡಿದು, ಸುಳ್ಳು ಆರೋಪ ಹೊರಿಸಿದ್ದಕ್ಕಾಗಿ ಅದೇ ವರ್ಷ ಜುಲೈಯಲ್ಲಿ ತಲೆ ತೆಗೆಸಿತು. ಊರಿನ ದಂಡನೆಯ ಅಧಿಕಾರಿ ಫ್ರಾನ್ಸ್ ಶ್ಮಿಟ್ ತಾನು ಮಾಡಿದ ಶಿಕ್ಷೆಗಳ ದಿನಚರಿಯಲ್ಲಿ ಅದನ್ನೂ ಬರೆದಿಟ್ಟಿದ್ದಾನೆ. ಹೆಸರು ಹೇಳಿದವನಿಗೇ ಶಿಕ್ಷೆಯಾಗಬಹುದು ಎಂದು ಊರಿಗೆಲ್ಲ ಗೊತ್ತಾದ ಮೇಲೆ ನ್ಯೂರೆಂಬರ್ಗ್‌ನಲ್ಲಿ ಪಟ್ಟಿ ಬೆಳೆಯಲಿಲ್ಲ.